ಯಾವಾಗ ನಿಲ್ಲಿಸಬೇಕು ಎಂದು ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತದೆ?

(ಮೈಕ್ರೋಆರ್‌ಎನ್‌ಎ ಬಗ್ಗೆ ವಿಜ್ಞಾನಾಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಹೇಳುವ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿವರ ಸೇರಿಸಿದ್ದೇನೆ. ಕೊನೆಗೆ ಸಭಿಕರ ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಮೈಯ ಯಾವ ಜೀವಕೋಶ ತೆಗೆದು ನೋಡಿದರೂ, ಕೆಂಪು ರಕ್ತಕಣದಂಥ ಕೆಲವನ್ನು ಬಿಟ್ಟರೆ, ಒಳಗಿರುವುದು ಒಂದೇ ಡಿಎನ್‌ಎ. ಪ್ರೋಟೀನ್ ಮಾಡಿಸುವ ಜೀನ್‌ಗಳು ಅದರಲ್ಲಿ ಸುಮಾರು 20,000. ಲಿವರ್‌ನಲ್ಲೂ ಅವೇ, ಕಣ್ಣಿನಲ್ಲೂ ಅವೇ. ಆದರೂ ಲಿವರ್ ತನ್ನ ಕೆಲಸ ಮಾಡುತ್ತದೆ, ಕಣ್ಣು ತನ್ನ ಕೆಲಸ ಮಾಡುತ್ತದೆ. ಒಂದೊಂದು ಬಗೆಯ ಕೋಶದಲ್ಲಿ ಒಂದೊಂದು ಗುಂಪಿನ ಜೀನ್‌ಗಳು ಕೆಲಸಕ್ಕೆ ಇಳಿಯುತ್ತವೆ, ಅದಕ್ಕೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಇದು ಗೊತ್ತೇ ಇದೆ.

ನಾನು ಹೇಳಬೇಕೆಂದಿರುವುದು ಇದರ ಇನ್ನೊಂದು ಅರ್ಧ. ಕೆಲಸಕ್ಕೆ ಇಳಿದ ಜೀನ್ ನಿಲ್ಲಬೇಕು. ಹೊತ್ತಿಗೆ ಸರಿಯಾಗಿ ನಿಲ್ಲಬೇಕು. ಜೀನ್ ಹೇಗೆ ಶುರುವಾಗುತ್ತದೆ ಅನ್ನುವ ಬಗ್ಗೆ ನಾವು ಜಾಸ್ತಿ ಮಾತಾಡುತ್ತೇವೆ. ಅದು ಮಾಡಿಟ್ಟ ಸಂದೇಶಗಳನ್ನು ಯಾರು, ಯಾವಾಗ, ಎಷ್ಟರ ಮಟ್ಟಿಗೆ ತಡೆಯುತ್ತಾರೆ ಅನ್ನುವ ಬಗ್ಗೆ ಮಾತು ಕಡಿಮೆ. ಬೆಳೆಯುತ್ತಿರುವ ಜೀವಿ ಮುಂದಿನ ಹಂತಕ್ಕೆ ಹೋಗಬೇಕಾದರೆ ಹಿಂದಿನ ಹಂತ ಮುಗಿಯಲೇಬೇಕು, ಅಲ್ವಾ? ಹಾಗೆ ಮುಗಿಸುವ ಕೆಲಸದಲ್ಲಿ ಬರೀ ಇಪ್ಪತ್ತೆರಡು ಅಕ್ಷರದ ಪುಟ್ಟ ಆರ್‌ಎನ್‌ಎಗಳ, ಅಂದರೆ ಮೈಕ್ರೋಆರ್‌ಎನ್‌ಎಗಳ, ಕೈವಾಡ ಇದೆ. ಆರ್‌ಎನ್‌ಎ ಅಂದರೆ ಡಿಎನ್‌ಎಯಿಂದ ನಕಲಾಗಿ ಬರುವ ಎಳೆ, ಅಕ್ಷರ ಅಂದರೆ ಆ ಎಳೆಯಲ್ಲಿ ಸಾಲಾಗಿ ಕೂತ ಎ, ಯು, ಜಿ, ಸಿ ಎಂಬ ರಾಸಾಯನಿಕ ತುಂಡುಗಳು. ಮೈಕ್ರೋಆರ್‌ಎನ್‌ಎಗಳನ್ನು ಕಂಡುಹಿಡಿದದ್ದಕ್ಕೆ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರಲ್ಲಿ ವೈದ್ಯಕೀಯ ನೊಬೆಲ್ ಬಂತು.

ಮರಿತನ ಬಿಡದ ಹುಳು

ಈ ಶೋಧ ಆದದ್ದು ಒಂದು ಹುಳುವಿನಲ್ಲಿ. ಸೀನೊರಾಬ್ಡೈಟಿಸ್ ಎಲೆಗನ್ಸ್ ಅಂತ ಹೆಸರು, ಲ್ಯಾಬಿನವರು ಸಿ. ಎಲೆಗನ್ಸ್ ಅನ್ನುತ್ತಾರೆ. ಒಂದು ಮಿಲಿಮೀಟರ್ ಉದ್ದದ ದುಂಡುಹುಳು. ಕೊಳೆಯುತ್ತಿರುವ ಹಣ್ಣು, ಸೊಪ್ಪುಗಳ ನಡುವೆ ಬ್ಯಾಕ್ಟೀರಿಯಾ ತಿಂದುಕೊಂಡು ಬದುಕುತ್ತದೆ. ಮೈ ಗಾಜಿನಷ್ಟು ತಿಳಿ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಜೀವಂತ ಹುಳುವಿನ ಒಳಗಿನ ಒಂದೊಂದು ಕೋಶವೂ ಕಾಣುತ್ತದೆ. ಮೊಟ್ಟೆಯಿಂದ ಹೊರಬಂದ ಮರಿ ನಾಲ್ಕು ಹಂತ ದಾಟಿ ಸುಮಾರು ಮೂರು ದಿನದಲ್ಲಿ ಬಲಿತ ಹುಳುವಾಗುತ್ತದೆ. ಬಲಿತ ಹುಳುವಿನಲ್ಲಿ, ಮೊಟ್ಟೆ ಮತ್ತು ವೀರ್ಯ ಆಗುವ ಕೋಶಗಳನ್ನು ಬಿಟ್ಟರೆ, 959 ಜೀವಕೋಶಗಳಿರುತ್ತವೆ. ಯಾವ ಕೋಶ ಯಾವ ಹೊತ್ತಿಗೆ ಒಡೆದು ಎರಡಾಗುತ್ತದೆ, ಆ ಎರಡು ಮುಂದೆ ಏನಾಗುತ್ತವೆ ಎನ್ನುವುದನ್ನು ಜಾನ್ ಸಲ್ಸ್ಟನ್ ಮತ್ತು ಜೊತೆಗಾರರು ಕೇಂಬ್ರಿಜ್‌ನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ನೋಡಿ ನೋಡಿ ಬರೆದಿಟ್ಟರು. ನನಗೆ ಆ ತಾಳ್ಮೆಯ ಬಗ್ಗೆ ಬಹಳ ಗೌರವ. ಅವರು ಆ ಪಟ್ಟಿ ಮಾಡದೇ ಹೋಗಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಯಾಕೆಂದರೆ ಎಲ್ಲ ಹುಳುಗಳಲ್ಲೂ ಕೋಶಗಳು ಒಂದೇ ವೇಳಾಪಟ್ಟಿಯಲ್ಲಿ ನಡೆಯುವಾಗ, ಪಟ್ಟಿ ತಪ್ಪಿದ ಹುಳು ತಕ್ಷಣ ಕಣ್ಣಿಗೆ ಬೀಳುತ್ತದೆ. ಹಾಗೆ ಬಿದ್ದ ಒಂದು ತಳಿಯಲ್ಲಿ ಲಿನ್-4 ಎಂಬ ಜೀನ್ ಕೆಟ್ಟಿತ್ತು. ಈ ಹುಳು ಮೊದಲ ಮರಿಹಂತ ಮುಗಿಸಿ ಎರಡನೆಯದಕ್ಕೆ ಹೋಗಬೇಕಾದಾಗ, ಅದರ ಕೋಶಗಳು ಮೊದಲ ಹಂತದ ಕೆಲಸವನ್ನೇ ಮತ್ತೆ ಮಾಡುತ್ತವೆ. ಆಮೇಲೆ ಮತ್ತೂ ಅದನ್ನೇ. ಹುಳು ಚರ್ಮ ಕಳಚುತ್ತದೆ, ಉದ್ದವಾಗುತ್ತದೆ, ವಯಸ್ಸೂ ಆಗುತ್ತದೆ. ಕೋಶಗಳಿಗೆ ಮಾತ್ರ ಅದು ಗೊತ್ತಿಲ್ಲ. ಮೊಟ್ಟೆ ಹೊರಗೆ ಬರಲು ಬೇಕಾದ ದ್ವಾರ ಬಲಿಯುವ ಹಂತದಲ್ಲಿ ಆಗಬೇಕು, ಈ ಹುಳುವಿನಲ್ಲಿ ಅದು ಆಗುವುದೇ ಇಲ್ಲ. ಮೊಟ್ಟೆಗಳೇನೋ ತಯಾರಾಗುತ್ತವೆ, ಆದರೆ ಹೊರಬರುವ ದಾರಿ ಇಲ್ಲ. ತಾಯಿಯ ಹೊಟ್ಟೆಯೊಳಗೇ ಒಡೆದು ಮರಿಗಳಾಗುತ್ತವೆ.

ಇನ್ನೊಂದು ತಳಿಯಲ್ಲಿ ಲಿನ್-14 ಎಂಬ ಜೀನ್ ಕೆಟ್ಟಿತ್ತು. ಅಲ್ಲಿ ನಡೆಯುವುದು ಪೂರ್ತಿ ಉಲ್ಟಾ. ಕೋಶಗಳು ಮೊದಲ ಹಂತವನ್ನೇ ಬಿಟ್ಟು ನೇರ ಮುಂದಿನದಕ್ಕೆ ಜಿಗಿಯುತ್ತವೆ.

1980ರ ದಶಕದಲ್ಲಿ ಆಂಬ್ರೋಸ್ ಮತ್ತು ರುವ್ಕುನ್ ಇಬ್ಬರೂ ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ಹಾರ್ವಿಟ್ಜ್ ಅವರ ಲ್ಯಾಬಿನಲ್ಲಿದ್ದರು. ಎರಡೂ ಹುಳುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಊಹೆ ಬಂತು. ಲಿನ್-14 ‘ಮೊದಲ ಹಂತದ ಕೆಲಸ ಮಾಡಿ’ ಎನ್ನುವ ಜೀನ್. ಲಿನ್-4 ಅದನ್ನು ಹೊತ್ತಿಗೆ ಸರಿಯಾಗಿ ತಡೆಯುವ ಜೀನ್. ಇಷ್ಟು ಸರಿ. ತಡೆಯುವುದು ಹೇಗೆ?

ನಿಲ್ಲಿಸುವುದು ಯಾಕೆ ಕಷ್ಟ

ಇಲ್ಲಿ ಒಂದು ನಿಮಿಷ ನಿಲ್ಲೋಣ. ಜೀನ್ ಇರುವುದು ಕೋಶದ ನಡುವಿನ ನ್ಯೂಕ್ಲಿಯಸ್‌ನಲ್ಲಿ. ಅದರ ನಕಲು ಮೆಸೆಂಜರ್ ಆರ್‌ಎನ್‌ಎ ಆಗಿ ಹೊರಗೆ ಬರುತ್ತದೆ. ಹೊರಗೆ ರೈಬೋಸೋಮ್‌ಗಳು ಅದನ್ನು ಓದಿ ಪ್ರೋಟೀನ್ ಮಾಡುತ್ತವೆ. ಒಂದೇ ಮೆಸೆಂಜರ್ ಅನ್ನು ಮತ್ತೆ ಮತ್ತೆ ಓದಿ ಪ್ರೋಟೀನ್ ಮಾಡಬಹುದು. ಕೆಲವು ಮೆಸೆಂಜರ್‌ಗಳು ನಿಮಿಷಗಳಲ್ಲಿ ಹಾಳಾಗುತ್ತವೆ, ಕೆಲವು ಗಂಟೆಗಟ್ಟಲೆ ಉಳಿಯುತ್ತವೆ.

ಮನೆ ಮೇಲಿನ ಟ್ಯಾಂಕಿನ ವಾಲ್ವ್ ಮುಚ್ಚಿದ ಕೂಡಲೇ ನಲ್ಲಿ ನಿಲ್ಲುವುದಿಲ್ಲ. ಪೈಪಿನಲ್ಲಿ ಉಳಿದ ನೀರು ಬರುತ್ತಲೇ ಇರುತ್ತದೆ. ಜೀನ್‌ನ ವಿಷಯವೂ ಹೀಗೇ. ನ್ಯೂಕ್ಲಿಯಸ್‌ನಲ್ಲಿ ನಕಲು ತೆಗೆಯುವುದನ್ನು ನಿಲ್ಲಿಸಿದರೂ, ಆಗಲೇ ಹೊರಗೆ ಬಂದಿರುವ ಮೆಸೆಂಜರ್‌ಗಳು ಕೆಲಸ ಮಾಡುತ್ತಲೇ ಇರುತ್ತವೆ. ಲಿನ್-14 ವಿಷಯದಲ್ಲಂತೂ ವಾಲ್ವ್ ಮುಚ್ಚಿಯೂ ಇರಲಿಲ್ಲ. ಜೀನ್‌ನಿಂದ ನಕಲು ಬರುತ್ತಲೇ ಇತ್ತು, ಪ್ರೋಟೀನ್ ಮಾತ್ರ ಎರಡನೇ ಹಂತದ ಹೊತ್ತಿಗೆ ಇಳಿದುಹೋಗುತ್ತಿತ್ತು. ಅಂದರೆ ತಡೆ ಬಿದ್ದದ್ದು ಕೆಳಗೆಲ್ಲೋ, ನಲ್ಲಿಯ ಹತ್ತಿರ. ಜೀನ್ ನಿಯಂತ್ರಣ ಅಂದರೆ ನ್ಯೂಕ್ಲಿಯಸ್‌ನ ಒಳಗಿನ ವ್ಯವಹಾರ ಎಂದು ಬಹುತೇಕರು ನಂಬಿದ್ದ ಕಾಲ ಅದು.

ಅಷ್ಟರಲ್ಲಿ ಇಬ್ಬರೂ ಬೇರೆ ಬೇರೆ ಲ್ಯಾಬ್ ಕಟ್ಟಿಕೊಂಡಿದ್ದರು. ಆಂಬ್ರೋಸ್ ಹಾರ್ವರ್ಡ್‌ನಲ್ಲಿ ಲಿನ್-4 ಹಿಂದೆ ಬಿದ್ದರು. ರುವ್ಕುನ್ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಲಿನ್-14 ಹಿಂದೆ ಬಿದ್ದರು. ಆಂಬ್ರೋಸ್ ಲ್ಯಾಬಿನಲ್ಲಿ ಈ ಕೆಲಸ ಕೈಯಾರೆ ಮಾಡಿದವರು ರೊಸಾಲಿಂಡ್ ಲೀ ಮತ್ತು ರೋಂಡಾ ಫೈನ್‌ಬಾಮ್. ಈ ಎರಡು ಹೆಸರನ್ನು ನಾನು ಬೇಕಂತಲೇ ಹೇಳುತ್ತಿದ್ದೇನೆ. ನೊಬೆಲ್ ಸುದ್ದಿಯಲ್ಲಿ ಪ್ರಶಸ್ತಿ ಪಡೆದವರ ಫೋಟೋ ಬರುತ್ತದೆ, ವರ್ಷಗಟ್ಟಲೆ ಬೆಂಚಿನ ಮುಂದೆ ನಿಂತವರ ಹೆಸರು ಹಿಂದೆ ಸರಿಯುತ್ತದೆ. ಆ ಪ್ರಬಂಧದ ಮೊದಲ ಹೆಸರು ಲೀ ಅವರದೇ.

ಅವರು ಲಿನ್-4 ಇರುವ ಜಾಗವನ್ನು ಕಿರಿದು ಮಾಡುತ್ತಾ ಹೋದರು. ಕೊನೆಗೆ ಸುಮಾರು 700 ಅಕ್ಷರದ ಡಿಎನ್‌ಎ ತುಂಡು ಸಿಕ್ಕಿತು. ಅದನ್ನು ಕೆಟ್ಟ ಹುಳುವಿಗೆ ಹಾಕಿದರೆ ಹುಳು ಸರಿಹೋಗುತ್ತಿತ್ತು. ಅದರೊಳಗೆ ಪ್ರೋಟೀನಿನ ಸಂಕೇತ ಹುಡುಕಿದರು, ಇರಲಿಲ್ಲ. ಒಂದೆರಡು ಅಕ್ಷರ ಸೇರಿಸಿ, ಪ್ರೋಟೀನ್ ಏನಾದರೂ ಇದ್ದರೆ ಕೆಡುವ ಹಾಗೆ ಮಾಡಿ ನೋಡಿದರು. ಜೀನ್ ಆರಾಮಾಗಿ ಕೆಲಸ ಮಾಡಿತು. ಹತ್ತಿರದ ಬೇರೆ ಜಾತಿಯ ಹುಳುಗಳ ಲಿನ್-4 ಜೊತೆ ಹೋಲಿಸಿದಾಗ, ಹೆಚ್ಚುಕಮ್ಮಿ ಹಾಗೇ ಉಳಿದುಕೊಂಡಿದ್ದು ಒಂದು ಚಿಕ್ಕ ಭಾಗ. ಕೊನೆಗೆ ತಿಳಿದದ್ದು ಇಷ್ಟು. ಲಿನ್-4 ಯಾವ ಪ್ರೋಟೀನನ್ನೂ ಮಾಡುವುದಿಲ್ಲ. ಅದು ಮಾಡುವುದು 22 ಅಕ್ಷರದ ಒಂದು ಆರ್‌ಎನ್‌ಎ. ಜೊತೆಗೆ 61 ಅಕ್ಷರದ, ಮಡಚಿಕೊಂಡ ಅದರ ಮೂಲರೂಪ.

ಅತ್ತ ರುವ್ಕುನ್ ಲ್ಯಾಬಿನಲ್ಲಿ ಬ್ರೂಸ್ ವೈಟ್‌ಮನ್, ಇಲ್ಹೋ ಹಾ ಅವರ ಕೆಲಸದಿಂದ ಗೊತ್ತಾಗಿದ್ದು, ಲಿನ್-14 ತಡೆಗೆ ಸಿಗುವುದು ಅದರ ಮೆಸೆಂಜರ್‌ನ ಕೊನೆಯ ಭಾಗದಿಂದ. ಪ್ರೋಟೀನಿನ ಸಂಕೇತ ಮುಗಿದ ಮೇಲೆ ಬರುವ, ಅನುವಾದವಾಗದ ಭಾಗ ಅದು. ಆ ಭಾಗ ಕಿತ್ತುಹೋದ ಹುಳುಗಳಲ್ಲಿ ಲಿನ್-14 ನಿಲ್ಲುತ್ತಲೇ ಇರಲಿಲ್ಲ.

1992ರ ಜೂನ್ 11ರಂದು ಇಬ್ಬರೂ ತಮ್ಮ ತಮ್ಮ ಅಕ್ಷರಸಾಲುಗಳನ್ನು ಹಂಚಿಕೊಂಡರು. ಪಕ್ಕ ಪಕ್ಕ ಇಟ್ಟು ನೋಡಿದರೆ, ಲಿನ್-4ರ ಪುಟ್ಟ ಸಾಲು ಲಿನ್-14ರ ಕೊನೆಯ ಭಾಗದಲ್ಲಿ ಏಳು ಕಡೆ ಜೋಡಿಯಾಗುತ್ತಿತ್ತು. ಎ ಎದುರು ಯು, ಜಿ ಎದುರು ಸಿ. ಒಂದು ಆರ್‌ಎನ್‌ಎ ಹೋಗಿ ಇನ್ನೊಂದಕ್ಕೆ ಅಂಟಿಕೊಂಡು ಅದರ ಬಾಯಿ ಮುಚ್ಚಿಸುತ್ತಿದೆ! ಎರಡೂ ಪ್ರಬಂಧಗಳು 1993ರ ಡಿಸೆಂಬರ್‌ನಲ್ಲಿ ‘ಸೆಲ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು.

ಆಮೇಲೆ ಏನಾಯಿತು? ಹೆಚ್ಚೇನೂ ಆಗಲಿಲ್ಲ. ಲಿನ್-4ರಂಥ ಜೀನ್ ಬೇರೆ ಪ್ರಾಣಿಗಳಲ್ಲಿ ಸಿಗಲಿಲ್ಲ. ಹುಳುವಿನ ವಿಚಿತ್ರ ಇದು, ಹುಳುವಿಗೇ ಇರಲಿ ಎಂದು ಜನ ಸುಮ್ಮನಾದರು.

ಇಪ್ಪತ್ತೆರಡು ಅಕ್ಷರ

ಏಳು ವರ್ಷದ ನಂತರ, 2000ದಲ್ಲಿ, ರುವ್ಕುನ್ ಲ್ಯಾಬಿಗೆ ಅದೇ ಹುಳುವಿನಲ್ಲಿ ಎರಡನೆಯದು ಸಿಕ್ಕಿತು. ಲೆಟ್-7 ಎಂದು ಹೆಸರು. ಕೊನೆಯ ಮರಿಹಂತದಿಂದ ಬಲಿತ ಹಂತಕ್ಕೆ ದಾಟಿಸುವುದು ಇದರ ಕೆಲಸ. ಈ ಸಲ ಅವರು ಬೇರೆ ಪ್ರಾಣಿಗಳಲ್ಲೂ ಹುಡುಕಿದರು. ನೊಣದಲ್ಲಿ ಸಿಕ್ಕಿತು, ಮೀನಿನಲ್ಲಿ ಸಿಕ್ಕಿತು, ಮನುಷ್ಯರಲ್ಲೂ ಸಿಕ್ಕಿತು. ನಿಮ್ಮ ಮೈಯಲ್ಲಿ ಇರುವ ಒಂದು ಲೆಟ್-7 ಹೀಗಿದೆ ನೋಡಿ:

ಯು ಜಿ ಎ ಜಿ ಜಿ ಯು ಎ ಜಿ ಯು ಎ ಜಿ ಜಿ ಯು ಯು ಜಿ ಯು ಎ ಯು ಎ ಜಿ ಯು ಯು

ಹುಳುವಿನಲ್ಲೂ ಇದೇ ಸಾಲು. ಒಂದಕ್ಷರ ಬದಲಾಗಿಲ್ಲ. ಹುಳುವಿನ ವಂಶ ಮತ್ತು ನಮ್ಮ ವಂಶ ಬೇರೆಯಾಗಿ ಐವತ್ತು ಕೋಟಿಗೂ ಹೆಚ್ಚು ವರ್ಷ ಆಗಿದೆ. ಈ ಸಾಲನ್ನು ಮೊದಲ ಸಲ ಎದುರಿಗೆ ಇಟ್ಟುಕೊಂಡು ಓದುವ ಯಾವ ವಿದ್ಯಾರ್ಥಿಗೂ ಮೈ ಜುಮ್ಮೆನ್ನಬೇಕು ಎಂದು ನಾನು ಅಂದುಕೊಂಡಿದ್ದೇನೆ. ಮರುವರ್ಷವೇ ಮೂರು ಲ್ಯಾಬ್‌ಗಳು ಹುಳು, ನೊಣ, ಮನುಷ್ಯರಲ್ಲಿ ಇಂಥವು ನೂರರ ಆಸುಪಾಸು ಇವೆ ಎಂದು ಒಟ್ಟಿಗೆ ಪ್ರಕಟಿಸಿದವು. ಮೈಕ್ರೋಆರ್‌ಎನ್‌ಎ ಎನ್ನುವ ಹೆಸರು ಬಂದದ್ದು ಆಗ. ಈಗ ಮನುಷ್ಯರಲ್ಲೇ ನೂರಾರು ಗೊತ್ತಾಗಿವೆ. ನಮ್ಮ ಪ್ರೋಟೀನ್ ಜೀನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇವುಗಳ ಹಿಡಿತಕ್ಕೆ ಒಳಗಾಗಿವೆ ಎಂದು ಲೆಕ್ಕ ಇದೆ.

ಇದು ತಯಾರಾಗುವ ಬಗೆಯನ್ನು ಬೇಗ ಹೇಳಿಬಿಡುತ್ತೇನೆ. ಮೊದಲು ನ್ಯೂಕ್ಲಿಯಸ್‌ನಲ್ಲಿ ಉದ್ದನೆಯ ಆರ್‌ಎನ್‌ಎ ಬರುತ್ತದೆ. ಅದರ ಒಂದು ಭಾಗ ತನ್ನ ಮೇಲೆ ತಾನೇ ಮಡಚಿಕೊಂಡು ಹೇರ್‌ಪಿನ್ ಆಕಾರ ತಾಳುತ್ತದೆ. ಡ್ರೋಶಾ ಎಂಬ ಕಿಣ್ವ ಆ ಹೇರ್‌ಪಿನ್ನನ್ನು ಕತ್ತರಿಸಿ ಬಿಡಿಸುತ್ತದೆ. ಇದನ್ನು 2003ರಲ್ಲಿ ತೋರಿಸಿದ್ದು ದಕ್ಷಿಣ ಕೊರಿಯಾದ ನ್ಯಾರಿ ಕಿಮ್ ಅವರ ತಂಡ. ಎಕ್ಸ್‌ಪೋರ್ಟಿನ್-5 ಎಂಬ ಪ್ರೋಟೀನ್ ಅದನ್ನು ನ್ಯೂಕ್ಲಿಯಸ್‌ನಿಂದ ಹೊರಗೆ ಸಾಗಿಸುತ್ತದೆ. ಹೊರಗೆ ಡೈಸರ್ ಎಂಬ ಇನ್ನೊಂದು ಕಿಣ್ವ ಹೇರ್‌ಪಿನ್ನಿನ ಬಾಗಿದ ತುದಿಯನ್ನು ಕತ್ತರಿಸುತ್ತದೆ. ಉಳಿಯುವುದು ಸುಮಾರು 22 ಅಕ್ಷರದ ಜೋಡಿ ಎಳೆ. ಅದರಲ್ಲಿ ಒಂದೆಳೆಯನ್ನು ಆರ್ಗೊನಾಟ್ ಎಂಬ ಪ್ರೋಟೀನ್ ತನ್ನೊಳಗೆ ಹಿಡಿದುಕೊಳ್ಳುತ್ತದೆ, ಇನ್ನೊಂದು ಸಾಮಾನ್ಯವಾಗಿ ಹಾಳಾಗಿ ಹೋಗುತ್ತದೆ.

ಮೈಕ್ರೋಆರ್‌ಎನ್‌ಎ ಒಂಟಿಯಾಗಿ ಏನನ್ನೂ ಮಾಡಲಾರದು. ಅದು ವಿಳಾಸ ಮಾತ್ರ ಹೇಳುತ್ತದೆ, ಕೆಲಸ ಮಾಡುವುದು ಆರ್ಗೊನಾಟ್ ಮತ್ತು ಅದರ ಸಂಗಡಿಗರು. ಆರ್ಗೊನಾಟ್ ಈ ಸಾಲಿನ ಎರಡರಿಂದ ಎಂಟನೆಯವರೆಗಿನ ಅಕ್ಷರಗಳನ್ನು ಮುಂದೆ ಚಾಚಿ ಹಿಡಿಯುತ್ತದೆ. ಲೆಟ್-7ರಲ್ಲಿ ಅವು ‘ಜಿ ಎ ಜಿ ಜಿ ಯು ಎ ಜಿ’. ಈ ಭಾಗಕ್ಕೆ ಬೀಜ ಎನ್ನುತ್ತಾರೆ. ಮೆಸೆಂಜರ್‌ನ ಕೊನೆಯ ಭಾಗದಲ್ಲಿ ಎಲ್ಲಾದರೂ ‘ಸಿ ಯು ಎ ಸಿ ಸಿ ಯು ಸಿ’ ಎಂದು ಬಂದರೆ, ಎರಡೂ ಎದುರುಬದುರಾಗಿ ಜೋಡಿಯಾಗುತ್ತವೆ. ಉಳಿದ ಅಕ್ಷರಗಳು ಪೂರ್ತಿ ಹೊಂದಬೇಕೆಂದೇನೂ ಇಲ್ಲ. ಏಳೇ ಅಕ್ಷರ ಸಾಕು ಅಂದಮೇಲೆ, ಒಂದೇ ಮೈಕ್ರೋಆರ್‌ಎನ್‌ಎ ನೂರಾರು ಬೇರೆ ಬೇರೆ ಮೆಸೆಂಜರ್‌ಗಳನ್ನು ಹಿಡಿಯಬಹುದು. ಒಂದೇ ಮೆಸೆಂಜರ್ ಮೇಲೆ ಹಲವು ಮೈಕ್ರೋಆರ್‌ಎನ್‌ಎಗಳೂ ಕೂರಬಹುದು.

ಹಿಡಿದ ಮೇಲೆ? ಮೆಸೆಂಜರ್‌ನ ತುದಿಯಲ್ಲಿ ‘ಎ ಎ ಎ ಎ’ ಎಂದು ಉದ್ದದ ಬಾಲ ಇರುತ್ತದೆ, ಅದು ಇರುವಷ್ಟು ದಿನ ಮೆಸೆಂಜರ್ ಭದ್ರ. ಆರ್ಗೊನಾಟ್ ಕರೆತರುವ ಪ್ರೋಟೀನ್‌ಗಳು ಆ ಬಾಲವನ್ನು ತಿನ್ನುತ್ತಾ ಬರುತ್ತವೆ. ರೈಬೋಸೋಮ್‌ಗಳ ಓದು ಕಡಿಮೆಯಾಗುತ್ತದೆ. ಆಮೇಲೆ ಮೆಸೆಂಜರ್‌ನ ತಲೆಯ ಟೋಪಿ ಕಳಚಿ, ಅದು ಪೂರ್ತಿ ನಾಶವಾಗುತ್ತದೆ.

ಇದನ್ನು ಕೇಳಿ ಮೈಕ್ರೋಆರ್‌ಎನ್‌ಎ ಜೀನನ್ನು ಪೂರ್ತಿ ಆಫ್ ಮಾಡುತ್ತದೆ ಎಂದುಕೊಳ್ಳಬೇಡಿ. ಪತ್ರಿಕೆಗಳಲ್ಲಿ ಹಾಗೇ ಬರೆಯುತ್ತಾರೆ, ಅದು ಸರಿಯಲ್ಲ. 2008ರಲ್ಲಿ ಎರಡು ತಂಡಗಳು ಸಾವಿರಾರು ಪ್ರೋಟೀನ್‌ಗಳನ್ನು ಅಳೆದು ನೋಡಿದವು. ಒಂದು ಮೈಕ್ರೋಆರ್‌ಎನ್‌ಎಯಿಂದ ಹೆಚ್ಚಿನ ಪ್ರೋಟೀನ್‌ಗಳು ಅರ್ಧದಷ್ಟೂ ಇಳಿಯಲಿಲ್ಲ. ಲಿನ್-4 ಮತ್ತು ಲಿನ್-14ರಂಥ ಜೋರಾದ ಜೋಡಿ ಅಪರೂಪ. ಉಳಿದ ಕಡೆ ನಡೆಯುವುದು ಅಳತೆ ತಿದ್ದುವ ಕೆಲಸ. ಆದರೆ ಅಳತೆ ಸ್ವಲ್ಪ ತಪ್ಪಿದರೂ ಏನಾಗಬಹುದು ಎನ್ನುವುದಕ್ಕೆ ನನ್ನ ಹತ್ತಿರ ಒಂದು ಕುರಿಯ ಕಥೆ ಇದೆ.

ಒಂದಕ್ಷರದ ಕುರಿ

ನೆದರ್ಲೆಂಡ್ಸ್‌ನಲ್ಲಿ ಟೆಕ್ಸೆಲ್ ಎಂಬ ದ್ವೀಪ ಇದೆ. ಅಲ್ಲಿಂದ ಬಂದ ಟೆಕ್ಸೆಲ್ ಕುರಿಗಳು ಮಾಂಸಕ್ಕೆ ಹೆಸರುವಾಸಿ. ತೊಡೆ, ಸೊಂಟದ ಮಾಂಸಖಂಡ ದಪ್ಪ ದಪ್ಪ. ಸ್ನಾಯು ಮಿತಿಮೀರಿ ಬೆಳೆಯದಂತೆ ತಡೆಯುವ ಮಯೋಸ್ಟಾಟಿನ್ ಎಂಬ ಪ್ರೋಟೀನ್ ಇದೆ. ಅದು ಕೆಟ್ಟರೆ ಹೀಗೆ ದಪ್ಪ ಸ್ನಾಯು ಬರುತ್ತದೆ ಎಂದು ಬೆಲ್ಜಿಯನ್ ಬ್ಲೂ ತಳಿಯ ದನಗಳಿಂದ ಆಗಲೇ ಗೊತ್ತಿತ್ತು. ಹಾಗಾಗಿ ಟೆಕ್ಸೆಲ್ ಕುರಿಯಲ್ಲೂ ಮಯೋಸ್ಟಾಟಿನ್ ಜೀನನ್ನು ಓದಿದರು. ಪ್ರೋಟೀನ್ ಸಂಕೇತ ಪೂರ್ತಿ ಸರಿಯಾಗಿತ್ತು. ಒಂದೂ ತಪ್ಪಿಲ್ಲ.

ಬದಲಾವಣೆ ಇದ್ದದ್ದು ಸಂಕೇತ ಮುಗಿದ ಮೇಲಿನ ಭಾಗದಲ್ಲಿ. ಒಂದು ‘ಜಿ’ ಇದ್ದ ಕಡೆ ‘ಎ’ ಬಂದಿತ್ತು. ಹಳೆಯ ಕಾಲದವರಾಗಿದ್ದರೆ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಆ ಒಂದಕ್ಷರದಿಂದ ಅಲ್ಲಿ ಹೊಸದೊಂದು ಜಾಗ ಹುಟ್ಟಿಕೊಂಡಿತ್ತು, ಎಂಐಆರ್-1 ಮತ್ತು ಎಂಐಆರ್-206 ಎಂಬ ಮೈಕ್ರೋಆರ್‌ಎನ್‌ಎಗಳು ಬಂದು ಕೂರುವ ಜಾಗ. ಈ ಎರಡೂ ಸ್ನಾಯುವಿನಲ್ಲಿ ಧಾರಾಳವಾಗಿ ಇರುವಂಥವು. ಸಾಮಾನ್ಯ ಕುರಿಯಲ್ಲಿ ಅವು ಮಯೋಸ್ಟಾಟಿನ್ ಮೆಸೆಂಜರ್ ಅನ್ನು ಗುರುತಿಸುತ್ತಿರಲಿಲ್ಲ. ಟೆಕ್ಸೆಲ್‌ನಲ್ಲಿ ಗುರುತಿಸಿ ಹಿಡಿಯುತ್ತವೆ. ಮಯೋಸ್ಟಾಟಿನ್ ಕಡಿಮೆಯಾಗುತ್ತದೆ, ಸ್ನಾಯು ಬೆಳೆಯುತ್ತದೆ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಮಿಷೆಲ್ ಜಾರ್ಜ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಪ್ರಕಟಿಸಿದರು. ಕುರಿ ಸಾಕುವವರು ದಪ್ಪ ತೊಡೆಯ ಕುರಿಗಳನ್ನು ಆರಿಸಿ ಮರಿ ಮಾಡಿಸುತ್ತಾ ಬಂದಾಗ, ತಮಗೆ ಗೊತ್ತಿಲ್ಲದೆ ಈ ಒಂದಕ್ಷರವನ್ನೇ ಆರಿಸುತ್ತಿದ್ದರು.

ಇದರ ತದ್ವಿರುದ್ಧ ಕಥೆ ಮನುಷ್ಯರ ಗೆಡ್ಡೆಗಳಲ್ಲಿದೆ. ಭ್ರೂಣದಲ್ಲಿ ಕೋಶಗಳು ಬೇಗ ಬೇಗ ಹೆಚ್ಚಲು ಎಚ್‌ಎಂಜಿಎ2 ಎಂಬ ಜೀನ್ ಬೇಕು. ಬೆಳೆದ ಮೇಲೆ ಅದು ಸುಮ್ಮನಿರಬೇಕು. ಅದರ ಮೆಸೆಂಜರ್‌ನ ಕೊನೆಯಲ್ಲಿ ಲೆಟ್-7 ಕೂರುವ ಜಾಗಗಳು ಏಳು ಇವೆ. ಕೆಲವು ಗೆಡ್ಡೆಗಳಲ್ಲಿ ಕ್ರೋಮೋಸೋಮ್ ಮುರಿದು ಈ ಜೀನ್‌ನ ಕೊನೆಯ ಭಾಗ ಕಳೆದುಹೋಗಿರುತ್ತದೆ. ಲೆಟ್-7 ಕೋಶದಲ್ಲಿ ಇದ್ದೂ ಪ್ರಯೋಜನ ಇಲ್ಲ, ಕೂರಲು ಜಾಗವೇ ಇಲ್ಲ. ಭ್ರೂಣದ ಕಾಲದ ಆಜ್ಞೆ ದೊಡ್ಡವರ ಮೈಯಲ್ಲಿ ಮತ್ತೆ ನಡೆಯುತ್ತದೆ. ಹುಳುವಿನ ಲಿನ್-14ಗೆ ಆದದ್ದೂ ಇದೇ ಅಲ್ವಾ? ಕೊನೆಯ ಭಾಗ ಕಿತ್ತುಹೋಯಿತು, ನಿಲ್ಲಬೇಕಾದದ್ದು ನಿಲ್ಲಲಿಲ್ಲ. ಮೊಟ್ಟೆ ಇಡಲಾಗದ ಹುಳುವಿನ ಬಗ್ಗೆ ತಲೆಕೆಡಿಸಿಕೊಂಡದ್ದಕ್ಕೆ ಕ್ಯಾನ್ಸರ್ ಅರ್ಥವಾಗಲು ದಾರಿ ಸಿಕ್ಕಿತು. ‘ಇದರಿಂದ ಏನು ಉಪಯೋಗ?’ ಎಂದು ಮೊದಲ ದಿನವೇ ಕೇಳಿ ಮೂಲವಿಜ್ಞಾನಕ್ಕೆ ದುಡ್ಡು ಕಡಿತ ಮಾಡುವವರ ಮುಂದೆ ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಡಬೇಕು.

ಮೈಕ್ರೋಆರ್‌ಎನ್‌ಎ ಜೀನೇ ಕಳೆದುಹೋಗುವುದೂ ಉಂಟು. ಸಿಎಲ್‌ಎಲ್ ಎಂಬ ಒಂದು ಬಗೆಯ ರಕ್ತ ಕ್ಯಾನ್ಸರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ 13ನೇ ಕ್ರೋಮೋಸೋಮಿನ ಒಂದು ತುಂಡು ಇರುವುದಿಲ್ಲ. ಅಲ್ಲಿ ಯಾವ ಪ್ರೋಟೀನ್ ಜೀನ್ ಕಳೆದುಹೋಗಿದೆ ಎಂದು ವರ್ಷಗಟ್ಟಲೆ ಹುಡುಕಿದರು. 2002ರಲ್ಲಿ ಕಾರ್ಲೋ ಕ್ರೋಚೆ ತಂಡ ಅಲ್ಲಿ ಕಂಡದ್ದು ಎರಡು ಮೈಕ್ರೋಆರ್‌ಎನ್‌ಎಗಳನ್ನು, ಎಂಐಆರ್-15 ಮತ್ತು ಎಂಐಆರ್-16. ಹಾಗೆಯೇ, ಕಿವಿಯ ಒಳಗಿನ ರೋಮಕೋಶಗಳಲ್ಲಿ ಕೆಲಸ ಮಾಡುವ ಎಂಐಆರ್-96ರ ಬೀಜದಲ್ಲಿ ಒಂದೇ ಅಕ್ಷರ ಬದಲಾದದ್ದರಿಂದ, ಸ್ಪೇನ್‌ನ ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಕಿವುಡು ಬಂದದ್ದು 2009ರಲ್ಲಿ ಗೊತ್ತಾಯಿತು.

ಭತ್ತದ ಗದ್ದೆಯಲ್ಲಿ

ಗಿಡಗಳಲ್ಲೂ ಮೈಕ್ರೋಆರ್‌ಎನ್‌ಎ ಇದೆ. ಅಲ್ಲಿ ಅದು ಹೆಚ್ಚುಕಮ್ಮಿ ಪೂರ್ತಿ ಸಾಲಿಗೆ ಹೊಂದಿಕೊಂಡು, ಮೆಸೆಂಜರ್ ಅನ್ನು ನಡುವೆಯೇ ಕತ್ತರಿಸಿ ಹಾಕುತ್ತದೆ. ಇದರ ಬಗ್ಗೆ ನಮ್ಮ ಬೆಂಗಳೂರಿನಲ್ಲೇ ಒಳ್ಳೆಯ ಕೆಲಸ ನಡೆದಿದೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಪಿ.ವಿ. ಶಿವಪ್ರಸಾದ್ ಅವರ ತಂಡ ಕಾಡುಭತ್ತ ಮತ್ತು ನಾವು ಬೆಳೆಯುವ ಭತ್ತದ ಪುಟ್ಟ ಆರ್‌ಎನ್‌ಎಗಳನ್ನು ಹೋಲಿಸಿತು. 2018ರಲ್ಲಿ ಬಂದ ಅವರ ಪ್ರಬಂಧದ ಪ್ರಕಾರ, ಕಾಡುಭತ್ತದಲ್ಲಿ ಎಂಐಆರ್-397 ಎನ್ನುವುದು ಬಹಳ ಜಾಸ್ತಿ ಇದೆ. ಹೆಚ್ಚು ಇಳುವರಿ ಕೊಡುವ ತಳಿಗಳಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಅದು ತಡೆಯುವುದು ಲ್ಯಾಕೇಸ್ ಎಂಬ ಕಿಣ್ವಗಳನ್ನು. ಗಿಡದ ಕಾಂಡಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಆಗಲು ಲ್ಯಾಕೇಸ್ ಬೇಕು. ಕಾಡುಭತ್ತದಲ್ಲಿ ಲ್ಯಾಕೇಸ್‌ಗೆ ತಡೆ ಇದೆ, ಹಾಗಾಗಿ ಲಿಗ್ನಿನ್ ಕಡಿಮೆ. ಊರಭತ್ತದಲ್ಲಿ ಆ ತಡೆ ಹೋಗಿದೆ. ಊರಭತ್ತಕ್ಕೆ ಎಂಐಆರ್-397 ಅನ್ನು ಜಾಸ್ತಿ ಬರುವಂತೆ ಸೇರಿಸಿದಾಗ, ಗಿಡದಲ್ಲಿ ಕಾಡುಭತ್ತದ ಲಕ್ಷಣಗಳು ಮರಳಿ ಕಾಣಿಸಿಕೊಂಡವು. ಹಿಂದಿನ ರೈತರು ಒಳ್ಳೆಯ ತೆನೆ ನೋಡಿ ಬೀಜ ಎತ್ತಿಡುತ್ತಿದ್ದರು. ಅವರ ಆ ಆಯ್ಕೆಯಲ್ಲಿ ಒಂದು ಮೈಕ್ರೋಆರ್‌ಎನ್‌ಎ ಕೂಡ ಹಿಂದೆ ಸರಿಯಿತು. ಟೆಕ್ಸೆಲ್‌ನಲ್ಲಿ ತಡೆ ಹೊಸದಾಗಿ ಬಂದು ಮಾಂಸ ಹೆಚ್ಚಿತು. ಇಲ್ಲಿ ತಡೆ ಹೋಗಿ ಇಳುವರಿಗೆ ದಾರಿಯಾಯಿತು.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಸಭಿಕರ ಪ್ರಶ್ನೆಗಳು

ನಾವು ದಿನಾ ಅನ್ನ ತಿನ್ನುತ್ತೇವಲ್ಲ ಸಾರ್, ಭತ್ತದ ಮೈಕ್ರೋಆರ್‌ಎನ್‌ಎ ನಮ್ಮ ಮೈಗೆ ಸೇರುತ್ತದಾ?

ಒಳ್ಳೆ ಪ್ರಶ್ನೆ. ಚೀನಾದ ನಾನ್‌ಜಿಂಗ್‌ನ ತಂಡವೊಂದು 2012ರಲ್ಲಿ ಹಾಗೆಂದು ಪ್ರಕಟಿಸಿ ದೊಡ್ಡ ಸುದ್ದಿಯಾಗಿತ್ತು. ಅಕ್ಕಿಯ ಎಂಐಆರ್-168 ಮನುಷ್ಯರ ರಕ್ತದಲ್ಲಿದೆ, ಅದು ಲಿವರ್‌ನ ಒಂದು ಜೀನನ್ನು ತಡೆಯುತ್ತದೆ ಎಂದು. ಬೇರೆ ಲ್ಯಾಬ್‌ಗಳು ಅದೇ ಪ್ರಯೋಗ ಮಾಡಿದಾಗ ಹಾಗೆ ಕಾಣಲಿಲ್ಲ. ಎಲ್ಲೋ ಒಂದಿಷ್ಟು ಕಂಡರೂ ಅದು ಪರೀಕ್ಷೆಯ ವೇಳೆ ಬೆರೆತ ಕಲ್ಮಶ ಇರಬಹುದು ಎಂಬ ಸಂದೇಹ ಬಂತು. ಒಂದು ಜೀನನ್ನು ತಡೆಯಬೇಕಾದರೆ ಒಂದು ಕೋಶದಲ್ಲಿ ನೂರಾರು, ಸಾವಿರಾರು ಪ್ರತಿಗಳು ಬೇಕು. ಊಟದಿಂದ ಅಷ್ಟು ಬರುತ್ತದೆ ಎನ್ನಲು ಗಟ್ಟಿ ಸಾಕ್ಷಿ ಇಲ್ಲ. ಯಾರಾದರೂ ‘ಸಸ್ಯ ಮೈಕ್ರೋಆರ್‌ಎನ್‌ಎ’ ಎಂದು ಪುಡಿ ಮಾರಲು ಬಂದರೆ ದುಡ್ಡು ಕೊಡಬೇಡಿ.

ಇದರಿಂದ ಔಷಧಿ ಏನಾದರೂ ಬಂದಿದೆಯಾ?

ಪ್ರಯತ್ನಗಳು ಆಗಿವೆ. ಹೆಪಟೈಟಿಸ್ ಸಿ ವೈರಸ್ ಲಿವರ್‌ನಲ್ಲಿ ಬದುಕಲು ಅಲ್ಲಿನ ಎಂಐಆರ್-122 ಅನ್ನೇ ಬಳಸಿಕೊಳ್ಳುತ್ತದೆ. ತನ್ನ ಆರ್‌ಎನ್‌ಎಗೆ ಅದನ್ನು ರಕ್ಷಣೆಯಾಗಿ ಕಟ್ಟಿಕೊಳ್ಳುತ್ತದೆ. ಆ ಮೈಕ್ರೋಆರ್‌ಎನ್‌ಎಯನ್ನು ಹಿಡಿದಿಟ್ಟರೆ ವೈರಸ್ ಇಳಿಯುತ್ತದೆ ಎಂದು ಮಿರಾವಿರ್ಸೆನ್ ಎಂಬ ಮದ್ದಿನ ಪ್ರಯೋಗ 2013ರಲ್ಲಿ ತೋರಿಸಿತು. ಅಷ್ಟರಲ್ಲಿ ವೈರಸ್ಸನ್ನೇ ನೇರ ಹೊಡೆಯುವ ಮಾತ್ರೆಗಳು ಬಂದವು, ಇದು ಹಿಂದೆ ಬಿತ್ತು. ಕ್ಯಾನ್ಸರ್ ರೋಗಿಗಳಿಗೆ ಎಂಐಆರ್-34ರ ನಕಲನ್ನು ಕೊಟ್ಟು ನೋಡಿದ ಪ್ರಯೋಗವನ್ನು 2016ರಲ್ಲಿ ನಿಲ್ಲಿಸಬೇಕಾಯಿತು. ರೋಗನಿರೋಧಕ ವ್ಯವಸ್ಥೆ ಕೆರಳಿ ಗಂಭೀರ ತೊಂದರೆಗಳಾದವು. ಒಂದು ಮೈಕ್ರೋಆರ್‌ಎನ್‌ಎ ನೂರಾರು ಜೀನ್‌ಗಳನ್ನು ಮುಟ್ಟುತ್ತದೆ ಎನ್ನುವುದು ಔಷಧಿ ಮಾಡುವವರಿಗೆ ದೊಡ್ಡ ತಲೆನೋವು. ಅದೇ ಆರ್ಗೊನಾಟ್ ಯಂತ್ರಕ್ಕೆ, ಒಂದೇ ಜೀನಿಗೆ ಪೂರ್ತಿ ಹೊಂದುವ ಪುಟ್ಟ ಆರ್‌ಎನ್‌ಎ ಮಾಡಿ ಕೊಡುವ ದಾರಿ ಚೆನ್ನಾಗಿ ಫಲ ಕೊಟ್ಟಿದೆ. ಪಟಿಸಿರಾನ್ ಎಂಬ ಅಂಥ ಮೊದಲ ಔಷಧಿಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಮೈಕ್ರೋಆರ್‌ಎನ್‌ಎ ಇಷ್ಟು ಮುಖ್ಯ ಅಂದಿರಿ. ಹಾಗಾದರೆ ಯಾವುದನ್ನು ತೆಗೆದರೂ ಪ್ರಾಣಿ ಸಾಯಬೇಕಲ್ವಾ?

ಎಂಎಸ್ಸಿ ಓದುವ ಹುಡುಗಿ ಕೇಳಿದ ಈ ಪ್ರಶ್ನೆ ಇಡೀ ಕ್ಷೇತ್ರವನ್ನೇ ಕಾಡಿದ ಪ್ರಶ್ನೆ. ಡೈಸರ್ ತೆಗೆದರೆ, ಅಂದರೆ ಎಲ್ಲ ಮೈಕ್ರೋಆರ್‌ಎನ್‌ಎಗಳನ್ನೂ ಒಟ್ಟಿಗೆ ನಿಲ್ಲಿಸಿದರೆ, ಇಲಿಯ ಭ್ರೂಣ ಉಳಿಯುವುದಿಲ್ಲ. ಆದರೆ 2007ರಲ್ಲಿ ಸಿ. ಎಲೆಗನ್ಸ್‌ನ ಮೈಕ್ರೋಆರ್‌ಎನ್‌ಎಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ, ಹೆಚ್ಚಿನ ಹುಳುಗಳು ನೋಡಲು ಸರಿಯಾಗಿಯೇ ಇದ್ದವು. ಲಿನ್-4, ಲೆಟ್-7 ಮೊದಲು ಸಿಕ್ಕಿದ್ದೇ ಅವು ಅಪವಾದಗಳಾಗಿದ್ದರಿಂದ. ಅವು ಕೆಟ್ಟರೆ ಹುಳು ಕಣ್ಣಿಗೆ ಹೊಡೆಯುವಂತೆ ಬದಲಾಗುತ್ತದೆ.

ಒಂದು ಕಾರಣ ಸುಲಭ. ಒಂದೇ ಬೀಜದ ಮೈಕ್ರೋಆರ್‌ಎನ್‌ಎಗಳು ಹಲವು ಇರುತ್ತವೆ, ಒಂದು ಹೋದರೆ ಇನ್ನೊಂದು ನಿಭಾಯಿಸುತ್ತದೆ. ಇನ್ನೊಂದು ಕಾರಣ ನಾವು ನೋಡುವ ಜಾಗದಲ್ಲಿದೆ. ಲ್ಯಾಬಿನ ಹುಳು, ನೊಣಗಳಿಗೆ ಹೊಟ್ಟೆತುಂಬ ಊಟ, ದಿನವಿಡೀ ಒಂದೇ ತಾಪಮಾನ. 2009ರಲ್ಲಿ ರಿಚರ್ಡ್ ಕಾರ್ಥ್ಯೂ ತಂಡ ಎಂಐಆರ್-7 ಇಲ್ಲದ ಹಣ್ಣುನೊಣಗಳ ಮರಿಗಳನ್ನು ಒಮ್ಮೆ ಬಿಸಿ, ಒಮ್ಮೆ ತಂಪು ಮಾಡುತ್ತಾ ಬೆಳೆಸಿತು. ತಾಪಮಾನ ಸ್ಥಿರವಾಗಿದ್ದಾಗ ಹೆಚ್ಚು ತೊಂದರೆ ಕಾಣದ ಮರಿಗಳಲ್ಲಿ, ಏರಿಳಿತ ಶುರುವಾದ ಮೇಲೆ ಇಂದ್ರಿಯಗಳ ಬೆಳವಣಿಗೆ ದಾರಿ ತಪ್ಪಿತು. ಎಂಐಆರ್-7 ಇದ್ದ ನೊಣಗಳು ಅದೇ ಏರಿಳಿತವನ್ನು ತಡೆದುಕೊಂಡವು. ಎರಿಕ್ ಓಲ್ಸನ್ ಲ್ಯಾಬಿನಲ್ಲಿ ಎಂಐಆರ್-208 ತೆಗೆದ ಇಲಿಗಳ ಕಥೆಯೂ ಹೀಗೇ. ಮಾಮೂಲಿ ದಿನಗಳಲ್ಲಿ ಅವುಗಳ ಹೃದಯದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಹೃದಯಕ್ಕೆ ಒತ್ತಡ ಹೇರಿದಾಗ, ಬೇರೆ ಇಲಿಗಳ ಹೃದಯ ದಪ್ಪವಾದ ಹಾಗೆ ಇವುಗಳ ಹೃದಯ ದಪ್ಪವಾಗಲಿಲ್ಲ. ಹಾಗಾಗಿ ಪ್ರಾಣಿ ಆರೋಗ್ಯವಾಗಿ ಕಾಣುತ್ತಿದೆ ಎಂದರೆ ಆ ಮೈಕ್ರೋಆರ್‌ಎನ್‌ಎಗೆ ಕೆಲಸ ಇಲ್ಲ ಎಂದು ಈಗ ಯಾರೂ ಬರೆದು ಮುಗಿಸುವುದಿಲ್ಲ. ಬಿಸಿ ಕೊಟ್ಟು, ಹಸಿವಿಗೆ ಬಿಟ್ಟು, ಸೋಂಕಿಗೆ ಒಡ್ಡಿ ಮತ್ತೆ ನೋಡುತ್ತಾರೆ.